ಭಾವನ ಪಾಲಿಶ್ ವಾಸನೆ

ನನ್ನ ಭಾವ ಮರಕ್ಕೆ ಪಾಲಿಶ್ ಹಾಕುವವನು. ಎದುರಿಗೆ ಸಿಕ್ಕಾಗ ಬಹುವಚನದಲ್ಲೇ ಮಾತಾಡಿಸುತ್ತೇನೆ, ಅಕ್ಕನ ಗಂಡ ಅಲ್ಲವೇ. ಆದರೆ ಅವನ ಕಥೆ ಹೇಳುವಾಗಲೂ ಆ ಮರ್ಯಾದೆ ಹೊತ್ತುಕೊಂಡು ಹೋದರೆ ನನ್ನ ಸಿಟ್ಟನ್ನು ಎಲ್ಲಿ ಇಳಿಸಲಿ? ಹಾಗಾಗಿ ಇಲ್ಲಿ ಅವನು ಏಕವಚನದಲ್ಲೇ ಇರಲಿ.

ಅವನದು ಯಂತ್ರ ಹಿಡಿದು ಬಣ್ಣ ಚಿಮ್ಮಿಸುವ ಕೆಲಸವಲ್ಲ. ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಕರಗಿಸುತ್ತಾನೆ. ಹತ್ತಿಯ ಉಂಡೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಅದಕ್ಕೆ ಆ ದ್ರವ ಹೀರಿಸಿ, ಮರದ ಮೇಲೆ ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗುತ್ತಾನೆ. ಆರಲು ಬಿಡುತ್ತಾನೆ, ಮತ್ತೆ ಉಜ್ಜುತ್ತಾನೆ. ಊಟದ ಮೇಜು, ಕಪಾಟು, ಕೋರ್ಟಿನ ಕಟಕಟೆ, ಯಾವುದಾದರೂ ಸರಿ, ಅದರಲ್ಲಿ ತನ್ನ ಮೀಸೆ ಕಾಣುವವರೆಗೆ ಅವನಿಗೆ ಸಮಾಧಾನವಿಲ್ಲ. ಆ ಸ್ಪಿರಿಟ್ ಕುಡಿಯುವಂಥದ್ದಲ್ಲ, ಕುಡಿದರೆ ಕಣ್ಣು ಹೋಗುತ್ತದೆ. ಅದನ್ನು ಅವನು ಎಂದೂ ಬಾಯಿಗಿಟ್ಟವನಲ್ಲ. ಆದರೆ ಅದರ ವಾಸನೆ ಇದೆಯಲ್ಲ, ಅದು ಬಾಟಲಿಯ ವಾಸನೆಗೆ ಒಡಹುಟ್ಟು. ಅಂಗಿ, ಕೂದಲು, ಉಗುರಿನ ಸಂದು, ಎಲ್ಲ ಕಡೆ ಹೊಕ್ಕು ಕೂತುಬಿಡುತ್ತದೆ. ಸ್ನಾನ ಮಾಡಿದರೂ ಬೆವರಿದ ಕೂಡಲೇ ಮತ್ತೆ ಹಾಜರು.

ಕುಡಿಯುವ ಗಂಡಸಿಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ಎಲ್ಲಿ ಸಿಕ್ಕೀತು ಹೇಳಿ. ಬೇರೆಯವರು ಲವಂಗ ಅಗಿದು, ಪೆಪ್ಪರ್‌ಮಿಂಟ್ ಚೀಪಿ, ಗೋಡೆ ಸವರಿಕೊಂಡು ಮನೆಯೊಳಗೆ ನುಸುಳಬೇಕು. ನಮ್ಮ ಭಾವ ಎದೆ ಸೆಟೆಸಿಕೊಂಡು ಬರುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತು ಮೂಸಿ "ಏನಿದು?" ಅಂದರೆ "ಪಾಲಿಶ್ ಕಣೇ" ಅನ್ನುತ್ತಿದ್ದ. ಎಷ್ಟೋ ದಿನ ಅದು ನಿಜವೂ ಆಗಿರುತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ. ದಿನವೂ ಸುಳ್ಳು ಹೇಳುವವನನ್ನು ಕಣ್ಣು ಮುಚ್ಚಿಕೊಂಡು ಬೈಯಬಹುದು. ಇವನನ್ನು ಬೈದರೆ, ಪಾಪ, ಇವತ್ತು ನಿಜವಾಗಿಯೂ ದುಡಿದು ಬಂದಿದ್ದನೇನೋ ಎಂದು ಅಕ್ಕ ಆಮೇಲೆ ಒಬ್ಬಳೇ ಕೂತು ಕೊರಗುತ್ತಿದ್ದಳು. ಬೈಯದೆ ಬಿಟ್ಟರೆ ಮೂರ್ಖಳಾದೆನೇನೋ ಎಂದು ಹೊಟ್ಟೆ ಉರಿಯುತ್ತಿತ್ತು. ಆ ಮನೆಯಲ್ಲಿ ಅವಳು ಸಂಸಾರ ಮಾಡಿದ್ದು ಮೂಗಿನ ತುದಿಯಲ್ಲಿ.

ಕೊನೆಗೆ ಒಂದು ದಿನ ಯಾರದೋ ಮನೆಯ ಊಟದ ಮೇಜಿಗೆ ಕೊನೆಯ ಕೈ ಉಜ್ಜಿ ಮುಗಿಸಿ, ಮಧ್ಯಾಹ್ನ ಹೊರಗೆ ಹೋಗಿ ಕುಡಿದು ಬಂದು, ಅದೇ ಹಸಿ ಮೇಜಿನ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದ. ಪಾಲಿಶ್ ಆರಿತು, ಕೆನ್ನೆ ಅಂಟಿತು. ಆ ಮನೆಯವರು ಅಕ್ಕನಿಗೆ ಫೋನ್ ಮಾಡಿದರು. ಅಕ್ಕ ಹೋಗಿ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಅವನ ಕೆನ್ನೆಯನ್ನು ಮೆಲ್ಲಗೆ ಬಿಡಿಸಿದಳು. ಹೊಳೆಯುವ ಮೇಜಿನ ನಟ್ಟ ನಡುವೆ ಒಂದು ಕಿವಿ, ಅರ್ಧ ಮೀಸೆ, ಗಡ್ಡದ ಕೂದಲಿನ ಅಚ್ಚು. ಎದ್ದು ಕೂತವನು ಮೊದಲು ಹೇಳಿದ ಮಾತು: "ಪಾಲಿಶ್ ಘಾಟಿಗೆ ತಲೆ ತಿರುಗಿಬಿಡ್ತು."

ಅಕ್ಕ ಮನೆ ಬಿಟ್ಟದ್ದು ಆ ಮಾತಿಗೆ, ಕುಡಿತಕ್ಕಲ್ಲ. ಬಟ್ಟೆ ತುಂಬಿಕೊಂಡು ನೆಟ್ಟಗೆ ನನ್ನ ಮನೆಗೆ ಬಂದಳು. "ಕುಡುಕನ ಜೊತೆ ಬೇಕಾದ್ರೆ ಬದುಕ್ತೀನಿ. ಏನು ನಡೀತಿದೆ ಅಂತಾನೇ ಗೊತ್ತಾಗ್ದೆ ಬದುಕಕ್ಕೆ ಆಗಲ್ಲ ಕಣೇ" ಅಂದಳು. ಅಳಲಿಲ್ಲ. ನನ್ನ ಗಂಡ ತನ್ನ ಪುಸ್ತಕಗಳನ್ನು ಹಜಾರಕ್ಕೆ ಸಾಗಿಸಿ ಅವಳಿಗೆ ಚಿಕ್ಕ ಕೋಣೆ ಬಿಟ್ಟುಕೊಟ್ಟ.

ನಾನು ಜನರಿಗೆ ಕಾರು ಓಡಿಸಲು ಕಲಿಸುತ್ತೇನೆ. ನನ್ನ ಕಾಲಡಿಗೂ ಒಂದು ಬ್ರೇಕ್ ಇದೆ. "ಕನ್ನಡಿ ನೋಡ್ದೆ ಮೇಡಂ" ಎಂದು ಆಣೆ ಮಾಡುವವರು ಕನ್ನಡಿ ನೋಡಿರುವುದಿಲ್ಲ ಎನ್ನುವುದು ನನಗೆ ಈ ಕೆಲಸ ಕಲಿಸಿದ ಪಾಠ. ಅಕ್ಕ ಬಂದ ಮೇಲೆ ಭಾವ ನಮ್ಮ ಗೇಟಿನ ಹೊರಗೆ ಬಂದು ನಿಲ್ಲಲು ಶುರು ಮಾಡಿದ. ಒಳಗೆ ಬಾ ಎಂದು ಅಕ್ಕ ಕರೆಯಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಬೀದಿಯವರ ಬಾಯಿಗೆ ಬೀಳುವುದು ಬೇಡವೆಂದು ನಾನೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬರುತ್ತಿದ್ದೆ. ದಾರಿಯುದ್ದಕ್ಕೂ ಬೈಯುತ್ತಿದ್ದೆ, ಅವನು ತುಟಿ ಪಿಟಕ್ಕೆನ್ನದೆ ಬೈಸಿಕೊಳ್ಳುತ್ತಿದ್ದ.

ಆಗ ನನ್ನ ಬಳಿ ಒಬ್ಬ ಹಲ್ಲಿನ ಡಾಕ್ಟರಮ್ಮ ಕಲಿಯಲು ಬರುತ್ತಿದ್ದರು. ಒಂದು ಬೆಳಿಗ್ಗೆ ಕೆಂಪು ದೀಪದ ಮುಂದೆ ಕಾರು ನಿಲ್ಲಿಸಿದವರು ಮೂಗರಳಿಸಿ, "ಈ ಕಾರಲ್ಲಿ ಯಾರು ಕುಡಿಯೋರು?" ಎಂದು ಕೇಳಿದರು. ನಾನು ಕೂಡಲೇ "ಅದು ಪಾಲಿಶ್ ವಾಸನೆ ಡಾಕ್ಟ್ರೇ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನೋಡಿ, ಅವನ ಮಾತು ನನ್ನ ಬಾಯಿಗೂ ಬಂದು ಕೂತಿತ್ತು. ಅವರು ನಕ್ಕರು. "ನಾನು ಮೌತ್‌ವಾಶ್ ಅಂತಿದ್ದೆ" ಅಂದರು. "ಲೈಸೆನ್ಸ್ ಹೋಗಿದ್ದು ಕುಡಿದು ಓಡಿಸಿದ್ದಕ್ಕೇ. ಅದಕ್ಕೇ ಈಗ ಮತ್ತೆ ಅ ಆ ಇ ಈ ಯಿಂದ ಕಲೀತಿದ್ದೀನಿ." ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಅವರು ಗೇರ್ ಹಾಕಿಕೊಂಡೇ ಒಂದು ಕಟ್ಟಡದ ಗುರುತು ಹೇಳಿದರು: ಗಂಟೆಗಿಷ್ಟು ಎಂದು ಕೋಣೆಗಳನ್ನು ಬಾಡಿಗೆಗೆ ಕೊಡುವ ಕಟ್ಟಡ, ಎರಡನೇ ಮಹಡಿ, ಭಾನುವಾರ ಮತ್ತು ಬುಧವಾರ ಸಂಜೆ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಕೂತು ಮಾತಾಡುತ್ತಾರೆ, ಅಷ್ಟೇ.

"ಮಾತಾಡಿದ್ರೆ ಹೋಗತ್ತಾ?" ಅಂದೆ.

"ಮಾತಾಡದೆ ಇದ್ದಾಗ ಏನಾಯ್ತು ಅಂತ ನೋಡಿದ್ದೀವಲ್ಲ," ಅಂದರು.

ಆ ಬುಧವಾರ ಎಲ್ಲಿಗೆಂದು ಹೇಳಿ ಭಾವನನ್ನು ಕಾರಿಗೆ ಹತ್ತಿಸಿದೆ. ಅವನು ಒಂದು ಪ್ರಶ್ನೆ ಮಾತ್ರ ಕೇಳಿದ: "ಅವಳು ಹೇಳಿದ್ಲಾ?" ಇಲ್ಲ, ನಾನು ಹೇಳುತ್ತಿದ್ದೇನೆ ಅಂದೆ. ಮುಖ ಸಪ್ಪಗಾದರೂ ಇಳಿದು ಹೋಗಲಿಲ್ಲ. ಸಭೆಯಲ್ಲಿ ಎದ್ದು ಹೇಳಬೇಕೆಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದ ಮೊದಲ ಮಾತನ್ನು ದಾರಿಯಲ್ಲಿ ಅವನಿಗೆ ಉರು ಹೊಡೆಸಿದೆ.

ಹಿಂಬಾಗಿಲಿನಿಂದ ಜಾರಿಕೊಂಡಾನು ಎಂದು ನಾನೂ ಜೊತೆಗೇ ಹೋದೆ. ಎರಡನೇ ಮಹಡಿ ಎಂದರೆ ನೆಲದ ಅಂತಸ್ತನ್ನು ಸೇರಿಸಿ ಎಣಿಸಬೇಕೋ ಬಿಟ್ಟು ಎಣಿಸಬೇಕೋ ಎಂದು ನಾನು ಕೇಳಿರಲಿಲ್ಲ. ಸೇರಿಸಿ ಎಣಿಸಿದೆ. ಬಾಗಿಲು ತೆರೆದಿತ್ತು. ಗೋಲಾಗಿ ಹಾಕಿದ ಕುರ್ಚಿಗಳಲ್ಲಿ ಜನ ಬಾಡಿದ ಮುಖ ಹೊತ್ತು ಕೂತಿದ್ದರು. ಒಬ್ಬಾಕೆ ಕಣ್ಣೊರೆಸಿಕೊಳ್ಳುತ್ತಾ "ಇನ್ನು ನನ್ನ ಕೈಲಿ ಆಗಲ್ಲ, ಸಾಕಾಗಿದೆ" ಅನ್ನುತ್ತಿದ್ದಳು. ಇದೇ ಜಾಗ ಎಂದು ಭಾವನ ಬೆನ್ನಿಗೆ ಒಂದು ತಿವಿದೆ. ಆಕೆ ಕೂತ ಕೂಡಲೇ ಅವನು ಎದ್ದು ನಿಂತು, ಅಂಗಿಯ ತುದಿ ಹಿಡಿದುಕೊಂಡು, "ನಾನು ಕುಡುಕ. ಬಿಡಕ್ಕೆ ಆಗ್ತಿಲ್ಲ. ಸಹಾಯ ಬೇಕು" ಎಂದ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಕನ್ನಡಕ ಸರಿಮಾಡಿಕೊಂಡು, "ಅದು ಸರಿ, ನೀವು ಯಾವ ಫ್ಲೋರು?" ಎಂದು ಕೇಳಿದರು.

ಅದು ಪಕ್ಕದ ಬೀದಿಯ ಅಪಾರ್ಟ್‌ಮೆಂಟಿನವರ ಸಭೆ. ಲಿಫ್ಟ್ ಕೆಟ್ಟು ಎಷ್ಟೋ ದಿನವಾಗಿತ್ತಂತೆ. ಅಳುತ್ತಿದ್ದಾಕೆ ಮೇಲಿನ ಅಂತಸ್ತಿನವಳು, ದಿನಾ ಅತ್ತೆಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿ ಸೊಂಟ ಬಿದ್ದುಹೋಗಿತ್ತು. ನಾವು ಬಾಲ ಮುದುರಿಕೊಂಡು ಹೊರಗೆ ಬಂದೆವು. ಮೊಗಸಾಲೆಯಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೋಡಿದರೆ ಭಾವನೂ ಗೋಡೆಗೆ ಒರಗಿ ನಗುತ್ತಿದ್ದಾನೆ, ಕಣ್ಣಲ್ಲಿ ನೀರು. ಅಷ್ಟರಲ್ಲಿ ಸೊಂಟನೋವಿನ ಆಕೆ ಹೊರಗೆ ಬಂದು ಯಾರಿಗೂ ಕೇಳದ ಹಾಗೆ, "ಇನ್ನೊಂದು ಮಹಡಿ ಹತ್ತಿ. ಕನ್ನಡಿ ರೂಮು. ನಮ್ಮನೆಯವರೂ ಅಲ್ಲೇ ಇದ್ದಾರೆ" ಎಂದು ಹೇಳಿ ಮತ್ತೆ ಲಿಫ್ಟಿನ ಜಗಳಕ್ಕೆ ಹೋದಳು.

ಕನ್ನಡಿ ರೂಮೆಂದರೆ ಮಕ್ಕಳಿಗೆ ನೃತ್ಯ ಕಲಿಸುವ ಕೋಣೆ. ಮೂರು ಗೋಡೆಗೂ ನೆಲದಿಂದ ಚಾವಣಿಯವರೆಗೆ ಕನ್ನಡಿ. ಸಭೆಗೆ ಅದೇ ಯಾಕೆ ಸಿಕ್ಕಿತೆಂದರೆ ಆ ಹೊತ್ತಿಗೆ ಖಾಲಿ ಇದ್ದದ್ದು ಅದೊಂದೇ. ಮುಖ ತಪ್ಪಿಸಿಕೊಳ್ಳೋಣವೆಂದು ಎಲ್ಲಿ ತಿರುಗಿದರೂ ಅಲ್ಲಿ ನೀವೇ ಕೂತಿರುತ್ತೀರಿ. ಸಭೆ ನಡೆಸುತ್ತಿದ್ದವರು ನಿವೃತ್ತ ಬಸ್ ಕಂಡಕ್ಟರ್, ದೊಡ್ಡ ಹೊಟ್ಟೆ, ಸಣ್ಣ ಧ್ವನಿ. ಕೆಳಗೆ ಒಂದು ಸಲ ಹೇಳಿ ಮುಗಿಸಿದ್ದರಿಂದಲೋ ಏನೋ, ಭಾವ ಇಲ್ಲಿ ಸಲೀಸಾಗಿ ಹೇಳಿದ. ಎಲ್ಲರೂ ತಲೆಯಾಡಿಸಿದರು. ಆದರೆ ಅವನ ಪಕ್ಕ ಕೂತಿದ್ದ ಹೋಟೆಲ್ ಅಡುಗೆಯವನು ಬೆವರತೊಡಗಿದ, ಎದ್ದ, ಬಾಗಿಲಾಚೆ ಹೋದ. ಅವನು ಬಿಟ್ಟು ಇನ್ನೂ ವಾರವೂ ಆಗಿರಲಿಲ್ಲವಂತೆ. ಭಾವನ ಅಂಗಿಯ ವಾಸನೆಗೆ ಅವನ ಬಾಯಲ್ಲಿ ನೀರೂರಿತ್ತು.

ಭಾವ "ನಾನು ಕುಡಿದಿಲ್ಲ, ಇದು ಪಾಲಿಶ್..." ಎಂದು ತೊದಲಿದ. ನಾನು ಹಣೆ ಹಣೆ ಬಡಿದುಕೊಂಡೆ.

"ಪಾಲಿಶೋ ಇನ್ನೊಂದೋ, ನಾವು ಇಲ್ಲಿ ಯಾರ ಬಾಯೀನೂ ಮೂಸಲ್ಲ," ಅಂದರು ಕಂಡಕ್ಟರ್. "ಕುಡಿದಿಲ್ಲ ಅಂದ್ರೆ ಕುಡಿದಿಲ್ಲ. ಆದ್ರೆ ಆ ಅಡುಗೆಯವರ ಗತಿ ನೋಡಿ. ಮುಂದಿನ ಸಲದಿಂದ ಸ್ನಾನ ಮಾಡಿ, ಬೇರೆ ಅಂಗಿ ಹಾಕ್ಕೊಂಡು ಬನ್ನಿ. ಬಂದು ಆ ಕಿಟಕಿ ಹತ್ರ ಕೂತ್ಕೊಳಿ."

ಭಾವ ಕಣ್ಣು ಪಿಳಿಪಿಳಿ ಬಿಟ್ಟ. ಅವನ ಜೀವಮಾನದಲ್ಲಿ ಆ ಮಾತನ್ನು ಹೇಳಿದ ಕೂಡಲೇ ನಂಬಿದವರು ಅವರೇ ಮೊದಲು. ಆಮೇಲೆ ಪ್ರತಿ ಸಭೆಗೂ ಅವನು ಇಸ್ತ್ರಿ ಮಾಡಿದ ಅಂಗಿಯನ್ನು ಚೀಲದಲ್ಲಿ ಒಯ್ಯತೊಡಗಿದ. ಆ ಕಟ್ಟಡದ ಕೆಳಗಿನ ನಲ್ಲಿಯಲ್ಲಿ ತಲೆ ತೊಳೆದು, ಅಂಗಿ ಬದಲಾಯಿಸಿ, ಕಿಟಕಿಯ ಬಳಿ ಕೂರುತ್ತಿದ್ದ. ಚಳಿಗಾಳಿ ನೇರ ಬೆನ್ನಿಗೆ ಹೊಡೆದರೂ ಕುರ್ಚಿ ಒಳಗೆ ಎಳೆಯಲಿಲ್ಲ. ಅಡುಗೆಯವನು ಮೆಲ್ಲಗೆ ಒಂದೊಂದೇ ಕುರ್ಚಿ ಅವನ ಕಡೆ ಸರಿದು ಬಂದ.

ಅಲ್ಲಿಂದ ಭಾವ ಬಿಟ್ಟ. ಬಿಟ್ಟ ಎಂದು ಈಗ ಹೇಳುತ್ತಿದ್ದೇನೆ, ಆಗ ನಾನು ನಂಬಿದ್ದೆನೇ? ಇಲ್ಲ. ಅವನ ಮುಖ ತಿಳಿಯಾಯಿತು, ಕೈ ನಡುಕ ನಿಂತಿತು, ಕೆಲಸಕ್ಕೆ ಮತ್ತೆ ಕರೆಗಳು ಬರತೊಡಗಿದವು. ಅದೆಲ್ಲ ಕಂಡರೂ ನನ್ನ ಕಾಲು ಬ್ರೇಕಿನ ಮೇಲೇ. ಈಗ ಅವನು ಭಾನುವಾರಗಳಲ್ಲಿ ಗೇಟು ದಾಟಿ ಒಳಗೆ ಬರುತ್ತಿದ್ದ. ಸಭೆಗೆ ಮುಂಚೆ, ಅರ್ಧ ದಿನದ ಕೆಲಸ ಮುಗಿಸಿ, ಅದೇ ವಾಸನೆ ಹೊತ್ತುಕೊಂಡು. ಅಕ್ಕ ಬಾಗಿಲಲ್ಲಿ ನಿಂತು ಮೂಸುತ್ತಿದ್ದಳು. "ಪಾಲಿಶ್" ಅನ್ನುತ್ತಿದ್ದ. ಅಕ್ಕ "ಹೂಂ" ಅನ್ನುತ್ತಿದ್ದಳು. ಅದೇ ಪ್ರಶ್ನೆ, ಅದೇ ಉತ್ತರ, ಅದೇ ಹೂಂ. ನಿಜ ಹೇಳಲು ಅವನ ಬಳಿ ಇದ್ದದ್ದು ಹಳೆಯ ಸುಳ್ಳಿನ ಮಾತೊಂದೇ. ಕೆಲಸ ಬದಲಾಯಿಸಿ ಎಂದು ನಾನು ಹೇಳಿ ನೋಡಿದೆ. "ಬೇರೆ ಏನು ಬರತ್ತೆ ನಂಗೆ?" ಅಂದ. ಅದೂ ನಿಜವೇ.

ನಾನು ಸುಮ್ಮನಿರುವ ಜಾತಿಯವಳಲ್ಲ. ಮೊದಲು ಕಂಡಕ್ಟರ್ ಬಳಿ ಹೋಗಿ, ಅವನು ಬಿಟ್ಟಿದ್ದಾನೆ ಎಂದು ಒಂದು ಚೀಟಿ ಬರೆದುಕೊಡಿ ಅಂದೆ. "ಬಸ್ಸಲ್ಲಿದ್ದಾಗ ಕೇಳಿದೋರಿಗೆಲ್ಲ ಟಿಕೆಟ್ ಹರಿದು ಕೊಟ್ಟೆ ತಾಯಿ. ಇಲ್ಲಿ ಹರಿಯಕ್ಕೆ ಏನೂ ಇಲ್ಲ" ಎಂದು ಕೈ ಮುಗಿದರು. ಆಮೇಲೆ ಪರಿಚಯದವರೊಬ್ಬರಿಂದ ಊದಿಸಿ ನೋಡುವ ಯಂತ್ರ ತಂದೆ. ಭಾವ ಪಾಪ ಬಾಯಿ ತೆರೆದುಕೊಂಡು ಸಿದ್ಧನಾಗಿಯೇ ನಿಂತ. ಅಕ್ಕ ಆ ಯಂತ್ರವನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ದಿನಾ ಸಂಜೆ ಬಾಗಿಲಲ್ಲಿ ಊದಿಸ್ಕೊಂಡು ಸಂಸಾರ ಮಾಡ್ಲಾ? ನಾನೇನು ಅವರ ಹೆಂಡ್ತಿನಾ, ಟ್ರಾಫಿಕ್ ಪೊಲೀಸಾ?" ಅಂದಳು. ನನ್ನ ಗಂಡ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ನಕ್ಕ. ನಾನು ಯಂತ್ರ ವಾಪಸ್ ಕೊಟ್ಟೆ.

ಮನೆಯವರೂ ಬರಬಹುದಾದ ಸಭೆ ಆಗಾಗ ಇರುತ್ತಿತ್ತು. ಒಂದಕ್ಕೆ ಅಕ್ಕ ಬಂದಳು. ನಾವಿಬ್ಬರೂ ಬಾಗಿಲ ಹತ್ತಿರ ಕೂತೆವು. ಭಾವ ಕಿಟಕಿಯ ಬಳಿ, ನಮಗೆ ಬೆನ್ನು ಹಾಕಿ. ಆದರೆ ಎದುರಿನ ಕನ್ನಡಿಯಲ್ಲಿ ಅವನ ಮುಖ ಪೂರ್ತಿ ಕಾಣುತ್ತಿತ್ತು. ಹಲ್ಲಿನ ಡಾಕ್ಟರಮ್ಮ ಮಾತಾಡಿದರು, ಅಡುಗೆಯವನು ಮಾತಾಡಿದ. ಭಾವನ ಸರದಿ ಬಂತು. "ಇವತ್ತು ಕುಡಿದಿಲ್ಲ," ಅಂದ. ಕನ್ನಡಿಯಲ್ಲಿ ಅಕ್ಕನ ಕಡೆ ನೋಡಿ, "ನನ್ನ ಹೆಂಡ್ತಿ ಬಂದಿದ್ದಾಳೆ. ಇದು ನಿಜ ಅಂತ ಅವಳಿಗೆ ಗೊತ್ತಾಗೋ ದಾರಿ ಇಲ್ಲ. ಆ ದಾರಿ ಮುಚ್ಚಿದ್ದು ನಾನೇ" ಅಂದ. ಕೂತುಕೊಂಡ. ಕಂಡಕ್ಟರ್ ಅದಕ್ಕೆ ಸಮಾಧಾನದ ಮಾತೊಂದನ್ನೂ ಹೇಳದೆ ಮುಂದಿನವರ ಕಡೆ ತಿರುಗಿದರು. ನನಗೆ ಕೆಟ್ಟ ಸಿಟ್ಟು ಬಂತು, ಒಂದು ಒಳ್ಳೆಯ ಮಾತು ಹೇಳಿದರೆ ಇವರ ಗಂಟೇನು ಹೋಗುತ್ತಿತ್ತು ಎಂದು.

ವಾಪಸ್ ಬರುವಾಗ ಅಕ್ಕ ಕಾರಿನಲ್ಲಿ, "ನಂಬಬೇಕು ಅನ್ಸತ್ತೆ. ನಂಬಿಕೆ ಬರ್ತಾ ಇಲ್ಲ. ನಾನೇನು ಮಾಡ್ಲಿ?" ಅಂದಳು. ನಾನು ಗೇರ್ ಬದಲಾಯಿಸಿದೆ.

ಅದಾದ ಮೇಲೂ ಕೆಲವು ವಾರ ಹೀಗೇ ನಡೆಯಿತು. ಒಂದು ದಿನ ಬಟ್ಟೆ ಒಣಹಾಕುತ್ತಾ ಅಕ್ಕ, "ಈ ಭಾನುವಾರ ಮನೆಗೆ ಹೋಗ್ತೀನಿ ಕಣೇ" ಅಂದಳು. ನಂಬಿಕೆ ಬಂತಾ ಎಂದು ಕೇಳಿದೆ. "ಇಲ್ಲ. ಸುಸ್ತಾಯ್ತು" ಅಂದಳು. ಅದು ಅವಳು ಸೋತು ಆಡಿದ ಮಾತು. ಹೋಗಬೇಡ ಎನ್ನಲು ನಾನು ಯಾರು? ಫೋನಿನಲ್ಲಿ ಸುದ್ದಿ ಕೇಳಿದ ಭಾವ ಎಷ್ಟು ಹೊತ್ತಿಗೆ ಬರಲಿ ಎಂದು ಎರಡೆರಡು ಸಲ ಕೇಳಿದನಂತೆ.

ಭಾನುವಾರ ಸಂಜೆಗೆ ಮುಂಚೆ ಬಂದ. ಅಕ್ಕನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ನನ್ನ ಗಂಡ ಟೀ ಮಾಡುತ್ತಿದ್ದ. ಭಾವ ಹೊಸ್ತಿಲಾಚೆ ನಿಂತ. ಕೈಗಳಲ್ಲಿ ಅರಗಿನ ಕಂದು ಬಣ್ಣ, ಅಂಗಿಯಲ್ಲಿ ಅದೇ ವಾಸನೆ. ನಾನು ಅಭ್ಯಾಸಬಲದಿಂದ ಮೂಸಿದೆ. ಎಂದಿನಂತೆಯೇ ಇತ್ತು, ಬೇರೆ ಏನೂ ಗೊತ್ತಾಗಲಿಲ್ಲ. ಅಕ್ಕ ಮೂಸಲೇ ಇಲ್ಲ, ಕೇಳಲೂ ಇಲ್ಲ. ಬಗ್ಗಿ ಚೀಲದ ಹಿಡಿಗೆ ಕೈ ಹಾಕಿದಳು.

"ಇರು," ಅಂದ ಭಾವ. "ಇವತ್ತು ಪಾಲಿಶ್ ಅಲ್ಲ."

ಅಕ್ಕ ಬಗ್ಗಿದಲ್ಲೇ ನಿಂತಳು.

"ಕಪಾಟಿನ ಕೆಲಸ ಮುಗೀತು. ಆ ಮನೆಯವರಿಗೆ ತುಂಬ ಇಷ್ಟ ಆಯ್ತು. ಗ್ಲಾಸ್ ಕೊಟ್ರು. ನೀನು ಬರ್ತೀಯ ಅಂತ ಬೆಳಿಗ್ಗೆಯಿಂದ ಖುಷಿಯಾಗಿದ್ದೆ. ಬೇಡ ಅನ್ನೋಕೆ ಮುಂಚೆ ಕುಡಿದಾಗಿತ್ತು. ಇನ್ನೊಂದು ಕೊಟ್ರು. ಅದನ್ನೂ ಕುಡಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಹುವಚನ ಗಿಹುವಚನ ಎಲ್ಲ ಗಾಳಿಗೆ ಹೋಯಿತು. "ಇವತ್ತೇ ಬೇಕಿತ್ತಾ ನಿಂಗೆ? ಚೀಲ ಕಟ್ಟಿಟ್ಕೊಂಡು ಕೂತಿದ್ದಾಳೆ, ಇವತ್ತೇ ಬೇಕಿತ್ತಾ?" ಎಂದು ಕಿರುಚಿದೆ. ನನ್ನ ಗಂಡ ಟೀ ಸೋಸುವ ಜಾಲರಿ ಹಿಡಿದುಕೊಂಡೇ ಓಡಿ ಬಂದ. ಭಾವ ತಲೆ ತಗ್ಗಿಸಿಕೊಂಡು ನಿಂತಿದ್ದ. "ಕಂಡಕ್ಟರಿಗೆ ಫೋನ್ ಮಾಡಿ ಹೇಳ್ದೆ. ಸಂಜೆ ಸಭೆಗೆ ಬಾ ಅಂದ್ರು. ಮೊದಲು ಇಲ್ಲಿ ಹೇಳಿ ಹೋಗೋಣ ಅಂತ ಬಂದೆ," ಅಂದ.

ಅಕ್ಕ ನೆಟ್ಟಗಾದಳು. ಅವನ ಮುಖವನ್ನೇ ನೋಡುತ್ತಾ ಹೇಳಿದಳು:

"ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ."

"ಗೊತ್ತು."

"ಹಾಗಾದ್ರೆ ಇಷ್ಟು ದಿನ ಪಾಲಿಶ್ ಅಂತಿದ್ರಲ್ಲ..."

"ಪಾಲಿಶೇ."

"ಎಲ್ಲಾ ದಿನಾನೂ?"

"ಆ ಸಭೆಗೆ ಹೋಗಕ್ಕೆ ಶುರು ಮಾಡಿದ್ಮೇಲೆ, ಎಲ್ಲಾ ದಿನಾನೂ."

ಮನೆ ಬಿಟ್ಟು ಬಂದ ದಿನವೂ ಅಳದಿದ್ದ ನನ್ನ ಅಕ್ಕ ಅಲ್ಲೇ ಬಾಗಿಲಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತಳು. ಸಭೆಗೆ ಹೊತ್ತಾಗುವವರೆಗೂ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಚೀಲವನ್ನು ಅವನ ಕೈಗೆ ಕೊಟ್ಟು, "ಕಾರು ತೆಗಿಯೇ. ಮೊದಲು ಇವರನ್ನ ಸಭೆಗೆ ಬಿಡೋಣ. ಮುಗಿಯೋವರೆಗೂ ನಾನು ಕೆಳಗೆ ಕಾಯ್ತೀನಿ, ಅಲ್ಲಿಂದ ಮನೆಗೆ ಹೋಗ್ತೀವಿ" ಅಂದಳು.